ತಿಕ್ಕಿ ತೊಳೆದ ಬೆಳ್ಳಿ ನಾಣ್ಯ

"ರೀ ರೀ ರೀ... ಮುಟ್ಬೇಡ್ರೀ!"

ತುಂಗಾ ಬೆಚ್ಚಿ ಕೈ ಹಿಂದಕ್ಕೆ ಎಳೆದುಕೊಂಡಳು. ಚೆನ್ನೈನ ಎಗ್ಮೋರಿನ ನಾಣ್ಯ ಪ್ರದರ್ಶನದಲ್ಲಿ ಸುತ್ತಲೂ ತಮಿಳೇ ತಮಿಳು... ಅದರ ನಡುವೆ ಕನ್ನಡದಲ್ಲಿ ಬೈಗುಳ!

ಮೇಜಿನಾಚೆಯ ಯುವಕ ನಾಲಿಗೆ ಕಚ್ಚಿಕೊಂಡ. "ಸಾರಿ, ಗಾಬರೀಲಿ ಕನ್ನಡ ಬಂದ್ಬಿಡ್ತು. ಬೆಳ್ಳಿ ಮೇಲೆ ಬೆರಳು ತಾಗಿದ್ರೆ ಗುರುತು ಹಾಗೇ ಕಪ್ಪಾಗಿ ಕೂತುಬಿಡುತ್ತೆ. ಅಂಚು ಹಿಡಿದು ಎತ್ತಬೇಕು."

"ಅದಕ್ಕೆ ಇಷ್ಟು ಜೋರಾ? ನಾನೇನು ತಿಂದ್ಬಿಡ್ತಿದ್ನಾ?"

"ಅಯ್ಯೋ! ನೀವೂ ಕನ್ನಡಾನಾ?"

"ಐದು ತಲೆಮಾರಿಂದ ಮದ್ರಾಸ್ ಕನ್ನಡ. ವೆಸ್ಟ್ ಮಾಂಬಲಂ!"

ಅವನ ಹೆಸರು ಶ್ರೀನಾಥ್. ನಂಜನಗೂಡಿನವನು. ಮಣಲಿಯ ಕಾರ್ಖಾನೆಯೊಂದರಲ್ಲಿ ಇಂಜಿನಿಯರ್, ತಿರುವೊಟ್ಟಿಯೂರಿನಲ್ಲಿ ಬಾಡಿಗೆ ಮನೆ. ದೇಶದ ದೊಡ್ಡ ದಿನಗಳ ನೆನಪಿಗೆ ಹೊರಬಂದ ಬೆಳ್ಳಿ ನಾಣ್ಯಗಳೆಂದರೆ ಅವನಿಗೆ ಪ್ರಾಣ.

ಆಮೇಲಿನ ಭಾನುವಾರಗಳಲ್ಲಿ ನಾಣ್ಯ ಸಂಗ್ರಾಹಕರ ಕೂಟಕ್ಕೆ ತುಂಗಾ ತಪ್ಪದೆ ಹೋದಳು. ನಾಣ್ಯಕ್ಕಾಗಿಯೋ, ಅವನು ಹೇಳುವ ಕಥೆಗಳಿಗಾಗಿಯೋ... ಅವಳಿಗೇ ಗೊತ್ತಿರಲಿಲ್ಲ.

"ಇದು ಎಪ್ಪತ್ತೆರಡರದ್ದು. ಸ್ವಾತಂತ್ರ್ಯ ಬಂದು ಇಪ್ಪತ್ತೈದು ವರ್ಷ ಆದಾಗ ಬಂದಿದ್ದು. ಬಾವುಟದ ಹತ್ತಿರ ಹುಡುಗ, ಹುಡುಗಿ. ಐವತ್ತು ವರ್ಷ ದಾಟಿದ್ರೂ ಇನ್ನೂ ಜೊತೆಗೇ ನಿಂತಿದ್ದಾರೆ ನೋಡಿ."

"ಚುಮ್ಮಾ... ಸುಮ್ನೆ ಇರಿ!" ಎಂದು ಅವಳು ನಾಚಿದ್ದಳು.

ಆರು ತಿಂಗಳಾದ ಮೇಲೆ ಒಂದು ದಿನ ಅವನು ಒಂದು ಪುಟ್ಟ ಡಬ್ಬಿ ತಂದು ಅವಳ ಕೈಯಲ್ಲಿಟ್ಟ. ಒಳಗೆ ಅರವತ್ತೊಂಬತ್ತರ ಗಾಂಧಿ ಶತಮಾನೋತ್ಸವದ ಹತ್ತು ರೂಪಾಯಿ ನಾಣ್ಯ.

"ಪಕ್ಕದ ಮಣಲಿ ಕಾರ್ಖಾನೆಗಳ ಗಾಳಿಗೆ ನಮ್ಮನೆ ಬೆಳ್ಳಿಯೆಲ್ಲ ಕಪ್ಪಾಗ್ತಿದೆ. ಇದೊಂದು ನಿಮ್ಮನೇಲಿ ಇರ್ಲಿ. ನೋಡ್ಕೋತೀರಾ?"

"ಕಂಡಿಪ್ಪಾ! ಖಂಡಿತಾ ನೋಡ್ಕೋತೀನಿ!"

ಇದರ ಕಥೆಯನ್ನು ಮಾತ್ರ ಅವನು ಹೇಳಲಿಲ್ಲ.

ಶುಕ್ರವಾರ ದೇವರ ಬೆಳ್ಳಿ ಪಾತ್ರೆ ತೊಳೆಯುವಾಗ ತುಂಗಾ ಡಬ್ಬಿ ತೆರೆದಳು. ನಾಣ್ಯದ ಮೇಲೆ ಒಂದು ಕಪ್ಪು ಬೆರಳಚ್ಚು!

'ಅಯ್ಯೋ ಪಾಪ... ಬೆರಳ ಗುರುತು ಕಂಡರೆ ಅವರಿಗೆ ಆಗೋದಿಲ್ಲ. ಹೇಗೆ ಸಹಿಸಿಕೊಂಡಿದ್ದಾರೋ!'

ಹುಣಿಸೆಹಣ್ಣು ಹಚ್ಚಿ ನೆನೆಸಿದಳು. ವಿಭೂತಿಯಲ್ಲಿ ತಿಕ್ಕಿದಳು. ಅದು ಫಳಫಳ ಹೊಳೆಯಿತು. ಅವನ ಹೆಸರಲ್ಲಿ ದೇವರಿಗೆ ಒಂದು ಹೂವನ್ನೂ ಏರಿಸಿದಳು.

ಭಾನುವಾರ ಕೂಟಕ್ಕೆ ಬಂದ ಶ್ರೀನಾಥನ ಮುಂದೆ ಅಂಗೈ ಬಿಡಿಸಿದಳು. "ಹೇಗಿದೆ?"

ಅವನ ಮುಖದ ಬಣ್ಣವೇ ಇಳಿದುಹೋಯಿತು. ನಾಣ್ಯವನ್ನು ಬೆಳಕಿಗೆ ಹಿಡಿದ, ತಿರುಗಿಸಿದ, ಮತ್ತೆ ತಿರುಗಿಸಿದ. ಜೇಬಿಗಿಟ್ಟುಕೊಂಡು ಹೊರಟುಹೋದ.

ಹನ್ನೊಂದು ದಿನ ಫೋನಿಲ್ಲ, ಮೆಸೇಜಿಲ್ಲ...

ಕೂಟದ ಹಿರಿಯರಾದ ವಿಷ್ಣುತೀರ್ಥರನ್ನು ಕೇಳಿದಾಗ ಅವರು ಹಣೆ ಚಚ್ಚಿಕೊಂಡರು. "ತಿಕ್ಕಿಬಿಟ್ಯಾ? ಪಾವಂ, ಪಾಪ ಆ ಹುಡುಗ! ಹಳೇ ಬಣ್ಣ ಹೋದ ನಾಣ್ಯಾನ ಸಂಗ್ರಾಹಕರು ಕಣ್ಣೆತ್ತಿಯೂ ನೋಡೋದಿಲ್ಲಮ್ಮಾ."

'ಅಷ್ಟೇ ತಾನೇ? ಅಂಥದ್ದೇ ಇನ್ನೊಂದು ಕೊಡ್ತೀನಿ!' ವಿಷ್ಣುತೀರ್ಥರನ್ನೇ ಕಾಡಿ ಬೇಡಿ, ಯಾರೂ ತೊಳೆಯದ ಅದೇ ವರ್ಷದ ನಾಣ್ಯವೊಂದನ್ನು ಕೊಂಡಳು. ಅದನ್ನು ಹಿಡಿದು ತಿರುವೊಟ್ಟಿಯೂರಿನ ಅವನ ಮನೆ ಬಾಗಿಲು ತಟ್ಟಿದಳು.

ಶ್ರೀನಾಥ್ ಅದನ್ನು ನೋಡಿ ಮೆಲ್ಲಗೆ ತಲೆಯಾಡಿಸಿದ. "ಇದು ಬೇಡ ತುಂಗಾ."

"ಇದರ ಬಣ್ಣ ಹೋಗಿಲ್ಲ! ಬೇಕಾದ್ರೆ ಪರೀಕ್ಷೆ ಮಾಡಿ..."

"ಆ ಕಪ್ಪು ಗುರುತು... ಅದು ಅಮ್ಮನ ಹೆಬ್ಬೆರಳು."

ತುಂಗಾ ಚಾಚಿದ್ದ ನಾಣ್ಯವನ್ನು ಹಿಂದಕ್ಕೆ ತೆಗೆದುಕೊಂಡಳು.

"ಸ್ಕೂಲಲ್ಲಿ ಹಾಡಿದ್ದಕ್ಕೆ ಅಮ್ಮಂಗೆ ಬಹುಮಾನ ಬಂದ ನಾಣ್ಯ ಅದು. ನಾನು ಎಸ್ಸೆಸ್ಸೆಲ್ಸಿ ಪಾಸಾದ ದಿನ, ಒಗ್ಗರಣೆ ಹಾಕ್ತಿದ್ದ ಎಣ್ಣೆ ಕೈಲೇ ಎತ್ತಿಕೊಟ್ಟಿದ್ರು. ಮುಂದಿನ ವರ್ಷ ಅವರು ಹೋಗ್ಬಿಟ್ರು... ಆ ಬೆರಳು ಮಾತ್ರ ಉಳ್ಕೊಂಡಿತ್ತು."

ಅವಳು ಹೊಸಿಲ ಮೇಲೆ ಕುಸಿದು ಕೂತಳು. "ನಾನು... ಅಮ್ಮನ್ನೇ ತೊಳೆದುಹಾಕ್ಬಿಟ್ನಾ?"

ಕಣ್ಣೀರು ಧಾರೆಯಾಗಿ ಇಳಿಯಿತು. ಯಾವ ಕ್ಷಮೆ ಕೇಳಿದರೆ ಆ ಬೆರಳು ವಾಪಸ್ ಬರುತ್ತದೆ?

ಶ್ರೀನಾಥ್ ಅವಳ ಪಕ್ಕದಲ್ಲೇ ಕೂತ. "ಎಲ್ಲಾ ನಾಣ್ಯದ ಕಥೆ ಹೇಳ್ದೆ, ಇದರದ್ದು ಹೇಳ್ಲಿಲ್ಲ. ಅತ್ತುಬಿಡ್ತೀನೇನೋ ಅಂತ ಭಯ. ತಪ್ಪು ನಂದೂ ಇದೆ."

"ಮತ್ತೆ ಹನ್ನೊಂದು ದಿನ ಯಾಕೆ ಮಾತಾಡ್ಲಿಲ್ಲ?"

"ಮೊದಲು ಕೋಪ. ಆಮೇಲೆ..." ಅವನು ಒದ್ದೆ ಕಣ್ಣಲ್ಲೇ ನಕ್ಕ. "ಆಮೇಲೆ ಇನ್ನೊಂದು ನೆನಪಾಯ್ತು. ಶುಕ್ರವಾರ ಬಂದ್ರೆ ಅಮ್ಮ ಕೈಗೆ ಸಿಕ್ಕ ಬೆಳ್ಳಿನೆಲ್ಲಾ ತಿಕ್ಕೋರು. ಈ ನಾಣ್ಯಾನೂ ತೊಳೀತೀನಿ ಕೊಡೋ ಅಂತ ನನ್ನ ಹಿಂದೇನೇ ಓಡಾಡಿದ್ರು. ನಾನು ಅಕ್ಕಿ ಡಬ್ಬದಲ್ಲಿ ಬಚ್ಚಿಟ್ಟಿದ್ದೆ! ಇದನ್ನ ಎಷ್ಟು ವರ್ಷದಿಂದ ಮರ್ತಿದ್ದೆ ಗೊತ್ತಾ? ಅಮ್ಮ ಬೈದ ದನಿ ಮತ್ತೆ ಕೇಳಿಸ್ತು."

ಅಳುತ್ತಲೇ ತುಂಗಾಳಿಗೆ ನಗು ಬಂತು.

"ಅಮ್ಮನ ವಿಷಯ ಯಾರ ಹತ್ತಿರಾನೂ ಮಾತಾಡಿಲ್ಲ ನಾನು. ಇನ್ಮೇಲೆ ದಿನಾ ಹೇಳ್ಬೇಕು ಅನ್ನಿಸ್ತಿದೆ. ಕೇಳ್ತೀರಾ?"

"ದಿನಾ ಮಾಂಬಲಂನಿಂದ ಇಷ್ಟು ದೂರ ಬಂದು ಹೋಗೋದಾ?"

"ಬಂದು... ಹೋಗದೇ ಇರೋಕಾಗಲ್ವಾ?"

ತುಂಗಾ ಕಣ್ಣೊರೆಸಿಕೊಂಡಳು.

"ಆಗತ್ತೆ," ಎಂದಳು, ಮೆಲ್ಲಗೆ. ಆಮೇಲೆ ಅವನ ಭುಜಕ್ಕೆ ತಲೆಯಾನಿಸಿ ಕೇಳಿದಳು, "ಈಗ ಹೇಳಿ... ಅವತ್ತು ಸ್ಕೂಲಲ್ಲಿ ಅಮ್ಮ ಯಾವ ಹಾಡು ಹಾಡಿದ್ರು?"