ಸಿಡಿಲಬಯಲು ದಾಟಿದ ತಾಮ್ರದ ಬಂಡಿ

ಬಹಳ ಹಿಂದೆ, ಬಂಡಿಗಳು ಎತ್ತಿಲ್ಲದೆ ಓಡುತ್ತಿದ್ದ ಕಾಲದಲ್ಲಿ, ಹೊಂಬಯಲು ಎಂಬ ಒಂದು ರಾಜ್ಯವಿತ್ತು. ಆ ರಾಜ್ಯದ ಪ್ರತಿ ಬಂಡಿಯ ಹೊಟ್ಟೆಯಲ್ಲೂ ಒಂದು ನೀಲಿ ಕಲ್ಲು ಇರುತ್ತಿತ್ತು. ಕಲ್ಲು ಬೆಳಗುತ್ತಿದ್ದರೆ ಬಂಡಿ ಓಡುತ್ತಿತ್ತು. ಹೋಗಬೇಕಾದ ಜಾಗವನ್ನು ಹೇಳಿದರೆ ಸಾಕು, ಕಲ್ಲಿಗೆ ದಾರಿ ಗೊತ್ತಿರುತ್ತಿತ್ತು.

ಹೊಂಬಯಲಿಗೂ ಆಚೆಪೇಟೆಗೂ ನಡುವೆ ಒಂದು ದೊಡ್ಡ ಬಯಲು. ಅದರ ಮಧ್ಯದ ಬೋಳುಗುಡ್ಡದ ಮೇಲೆ ಕರ್ಮುಗಿಲ ಎಂಬ ಮಂತ್ರವಾದಿ ಬಂದು ಕೂತ. ಅವನ ಎದೆಯಲ್ಲೂ ಒಂದು ನೀಲಿ ಕಲ್ಲಿತ್ತು. ಬೇರೆ ಕಲ್ಲುಗಳ ಬೆಳಕನ್ನು ಕುಡಿದೇ ಅದು ಬೆಳಗಬೇಕಾಗಿತ್ತು. ಅವನ ಬಳಿ ಎರಡು ಅಸ್ತ್ರಗಳಿದ್ದವು. ಒಂದು ಸಿಡಿಲು. ಅದು ಕಣ್ಣಿಗೆ ಕಾಣುತ್ತಿತ್ತು, ಕಿವಿಗೆ ಕೇಳುತ್ತಿತ್ತು. ಇನ್ನೊಂದು ಮೂಕಮಿಂಚು. ಅದಕ್ಕೆ ಬೆಳಕೂ ಇಲ್ಲ, ಸದ್ದೂ ಇಲ್ಲ. ಅದು ಬೀಸಿದರೆ ಬಂಡಿಯ ಮೈಮೇಲೆ ಒಂದು ಗೀರೂ ಬೀಳುತ್ತಿರಲಿಲ್ಲ. ಒಳಗಿನ ಕಲ್ಲು ಆರಿಹೋಗುತ್ತಿತ್ತು, ಒಳಗೆ ಕೂತವರು ಕೂತ ಹಾಗೆಯೇ ನಿದ್ದೆಹೋಗುತ್ತಿದ್ದರು. ಒಮ್ಮೆ ಹೊರಟ ಮೂಕಮಿಂಚು ಯಾವುದಾದರೂ ಒಂದು ಕಲ್ಲನ್ನು ಆರಿಸಿಯೇ ತಣಿಯಬೇಕು. ಅದು ಅದರ ಗುಣ.

ಅರಸ ಸಭೆ ಕರೆದು ಕೇಳಿದ: "ಈ ಎರಡರಿಂದಲೂ ಬಂಡಿಯನ್ನು ಕಾಯಲಾದೀತೆ?" ಸಭೆಯವರು ಎದ್ದುಹೋಗಿ ಬಯಲಿನ ದಾರಿಗೆ ಮುಳ್ಳು ಎಳೆದು ಮುಚ್ಚಿದರು. ಆ ಬಯಲಿಗೆ ಸಿಡಿಲಬಯಲು ಎಂದು ಹೆಸರಾಯಿತು.

ಆದರೆ ಮುಳ್ಳು ಎಳೆಯುವ ಮುಂಚೆಯೇ ಬಂಡಿಕಾರ ಬೂಚಯ್ಯ ಆಚೆಪೇಟೆಗೆ ಹೋಗಿದ್ದ. ಹೊರಡುವ ಬೆಳಿಗ್ಗೆ ಅವನು ಮಗಳು ಜಕ್ಕಲೆಯನ್ನು ಹೊಸ್ತಿಲ ಮೇಲೆ ನಿಲ್ಲಿಸಿಕೊಂಡು, ತೆಂಗಿನ ಗರಿಯ ಕಡ್ಡಿಯನ್ನು ಅವಳ ಪಾದದ ಉದ್ದಕ್ಕೆ ಮುರಿದಿದ್ದ. ಅವಳಿಗೆ ಕಚಗುಳಿ.

"ಕುಣಿಯಬೇಡ ಕಣೇ, ಅಳತೆ ತಪ್ಪುತ್ತೆ," ಎಂದಿದ್ದ. "ಆಮೇಲೆ ಚಪ್ಪಲಿ ಕಚ್ಚಿದರೆ ನನ್ನ ಕೇಳಬೇಡ."

ಕಡ್ಡಿಯನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು ಹೋದವನು ಮರಳಲಿಲ್ಲ.

ಹೊಂಬಯಲಿನಲ್ಲಿ ಒಂದು ರೂಢಿಯಿತ್ತು. ಹೋದವರು ಬರುವ ತನಕ ಮನೆಯ ಯಾವ ಬಾಗಿಲನ್ನೂ ಪೂರ್ತಿ ಮುಚ್ಚುತ್ತಿರಲಿಲ್ಲ. ಬೆರಳು ತೂರುವಷ್ಟು ಸಂದು ಬಿಡುತ್ತಿದ್ದರು. ಚಿಲಕ ಬಿದ್ದರೆ, ಬರುವವರಿಗೆ ದಾರಿ ಮರೆತುಹೋಗುತ್ತದೆ ಎಂಬ ನಂಬಿಕೆ. ಬೂಚಯ್ಯನ ಹೆಂಡತಿ ಚಂದವ್ವೆ ಬೀದಿಬಾಗಿಲಿಗೆ ಸಂದು ಬಿಟ್ಟಳು, ಹಿತ್ತಿಲ ಬಾಗಿಲಿಗೆ ಬಿಟ್ಟಳು, ಕಡೆಗೆ ಅಕ್ಕಿಪೆಟ್ಟಿಗೆಯ ಮುಚ್ಚಳಕ್ಕೂ ಬಿಟ್ಟಳು. ಚಳಿಗಾಲದಲ್ಲಿ ಆ ಸಂದಿನಿಂದ ಗಾಳಿ ಬರುತ್ತಿತ್ತು, ಬೇಸಗೆಯಲ್ಲಿ ಧೂಳು ಬರುತ್ತಿತ್ತು. ಜಕ್ಕಲೆ ಆ ಗಾಳಿಯಲ್ಲಿ, ಆ ಧೂಳಿನಲ್ಲಿ ಬೆಳೆದಳು. ಅಪ್ಪ ಹೋದಾಗ ಅಪ್ಪನಿಗೆ ಎಷ್ಟು ವಯಸ್ಸಾಗಿತ್ತೋ ಅಷ್ಟು ವಯಸ್ಸು ಒಂದು ದಿನ ಅವಳಿಗೂ ಆಯಿತು.

"ಅವ್ವಾ, ನಾನು ಹೋಗಿ ಅಪ್ಪನನ್ನು ಕರೆದುಕೊಂಡು ಬರ್ತೀನಿ," ಎಂದಳು.

ಚಂದವ್ವೆ ಬೇಡ ಎನ್ನಲಿಲ್ಲ. ಅಟ್ಟದಿಂದ ಒಂದು ದೊಡ್ಡ ತಾಮ್ರದ ಹಂಡೆ ಇಳಿಸಿದಳು. ಮದುವೆಮನೆಗೆ ನೀರು ಕಾಯಿಸುವಂಥ ಹಂಡೆ ಅದು. "ಇದನ್ನೂ ಹಾಕಿಕೋ. ಮೈಮೇಲೆ ಎಷ್ಟು ವರ್ಷದ ಧೂಳು ಕೂತಿದೆಯೋ. ಸಿಕ್ಕ ಕೂಡಲೇ ಬಿಸಿನೀರು ಹಾಕು," ಎಂದಳು.

ಬೀದಿಯವರೆಲ್ಲ ಬುದ್ಧಿ ಹೇಳಿದರು. "ಲೋಹ ಕಂಡರೆ ಸಿಡಿಲು ಬರುತ್ತೆ. ಮರದ ಬಂಡಿ, ಮರದ ಮೊಳೆ, ಮರದ ಚಕ್ರ ಇರಲಿ." ಜಕ್ಕಲೆ ಮರದ ಬಂಡಿ ಹತ್ತಿ ಮುಳ್ಳು ಸರಿಸಿ ಒಳಗೆ ಹೋದಳು.

ಬೋಳುಗುಡ್ಡದಿಂದ ಒಂದು ದನಿ ಉರುಳಿಕೊಂಡು ಬಂತು. "ಯಾರದು ನನ್ನ ಬಯಲಲ್ಲಿ?"

"ಬೂಚಯ್ಯನ ಮಗಳು. ಅಪ್ಪನನ್ನು ಕರೆಯೋಕೆ ಬಂದಿದ್ದೀನಿ."

ಕರ್ಮುಗಿಲ ನಕ್ಕ. ಆಕಾಶ ಕಪ್ಪಾಯಿತು. ಎಲ್ಲೂ ಮರವಿಲ್ಲ, ಮರೆಯಿಲ್ಲ. ಹೆದರಿದ ಜಕ್ಕಲೆ ಹಂಡೆಯೊಳಗೆ ಇಳಿದು, ಮಂಡಿಗೆ ಗಲ್ಲ ತಾಗಿಸಿ ಕೂತು, ಮುಚ್ಚಳ ಎಳೆದುಕೊಂಡಳು. ಸಿಡಿಲು ಬಡಿಯಿತು. ಬಂಡಿ ಚೂರುಚೂರಾಯಿತು, ಅದರ ಕಲ್ಲು ಪುಡಿಯಾಯಿತು. ಸಿಡಿಲು ಹಂಡೆಯ ಹೊರಮೈಯನ್ನು ನೀರಿನಂತೆ ಬಳಸಿಕೊಂಡು ನೆಲಕ್ಕಿಳಿದುಹೋಯಿತು. ಒಳಗಿದ್ದವಳ ಕೂದಲೂ ಕೊಂಕಲಿಲ್ಲ. ಅವಳು ಹಂಡೆಯನ್ನು ಉರುಳಿಸಿಕೊಂಡು ಮನೆಗೆ ಬಂದಳು.

ಕಂಚುಗಾರರ ಬಾಚಜ್ಜಿ ಹಂಡೆಯ ಮೇಲಿನ ಮಸಿಯ ಗೆರೆಗೆ ಉಗುರಿಟ್ಟು ನೋಡಿದಳು.

"ಅಯ್ಯೋ, ನಿನಗಿಂತ ನಿಮ್ಮವ್ವನ ಹಂಡೆಗೇ ಬುದ್ಧಿ ಹೆಚ್ಚು ಕಣೇ!" ಎಂದಳು. "ತಾಮ್ರದ ಮೈಮೇಲೆ ಸುತ್ತ ದಾರಿ ಸಿಕ್ಕರೆ ಸಿಡಿಲು ಒಳಕ್ಕೆ ಯಾಕೆ ಬರುತ್ತೆ? ಇಂಥದ್ದೇ ಒಂದು ಬಂಡಿ ಮಾಡೋಣ. ಹಂಡೆಯಂಥ ಬಂಡಿ."

"ಮೂಕಮಿಂಚಿಗೆ ಅಷ್ಟು ಸಾಕೇ ಅಜ್ಜಿ?"

"ಅದು ಬಲು ಸಣ್ಣಬುದ್ಧಿಯದು. ಸಂದು ಹುಡುಕುತ್ತೆ. ಬಂಡಿಗೆ ಸಂದೇ ಇಲ್ಲದ ಹಾಗೆ ಬಾಗಿಲು ಮುಚ್ಚಿ ಕೂರಬೇಕು. ತಿಳೀತಾ?"

"ತಿಳೀತು."

"ಎಲ್ಲಿ ತಿಳೀತು! ಹೂಂಗುಟ್ಟೋದರಲ್ಲಿ ನೀನು ನಿಮ್ಮಪ್ಪನೇ."

ಬಾಚಜ್ಜಿಯ ಬಳಿಯಿದ್ದ ತಾಮ್ರ ಸಾಲಲಿಲ್ಲ. ಆಗ ಯಾರ ಯಾರ ಮನೆಯವರು ಸಿಡಿಲಬಯಲಿನಲ್ಲಿ ನಿಂತುಹೋಗಿದ್ದರೋ ಅವರೆಲ್ಲ ಬಂದರು. ಒಬ್ಬಳು ಗಂಡನ ಚೊಂಬು ತಂದಳು, ಒಬ್ಬ ತಮ್ಮನ ತಟ್ಟೆ ತಂದ. ಬಾಚಜ್ಜಿ ಚಂದವ್ವೆಯ ಹಂಡೆಯೊಂದನ್ನು ಬಿಟ್ಟು ಎಲ್ಲವನ್ನೂ ಕರಗಿಸಿ ತಗಡು ಬಡಿದಳು, ಬೆಸುಗೆ ಹಾಕಿದಳು. ಬಂಡಿಯ ಹೊಟ್ಟೆಯಲ್ಲಿ ಬೇರೊಂದು ನೀಲಿ ಕಲ್ಲು ಕೂರಿಸಿ, ಹಿಂದೆ ನೆಲಕ್ಕೆ ತಾಗುವ ಸರಪಳಿ ಕಟ್ಟಿದಳು. ಒಳಗೆ ದಪ್ಪ ಕೌದಿ ಹಾಸಿ, "ಏನೇ ಆದರೂ ಗೋಡೆ ಮುಟ್ಟಬೇಡ. ಕೈ ಮಡಿಲಲ್ಲಿರಲಿ," ಎಂದಳು.

ಜಕ್ಕಲೆ ತಾಮ್ರದ ಬಂಡಿ ಹತ್ತಿ ಹೊರಟಳು. ಸಿಡಿಲಿನ ಮೇಲೆ ಸಿಡಿಲು ಬಿತ್ತು. ಒಂದೊಂದೂ ಬಂಡಿಯ ಮೈಮೇಲೆ ಜಾರಿ, ಸರಪಳಿ ಹಿಡಿದು, ಮಣ್ಣಿಗೆ ಹೋಯಿತು.

"ಯಾರದು ನನ್ನ ಬಯಲಲ್ಲಿ?"

"ಬೂಚಯ್ಯನ ಮಗಳು. ಅಪ್ಪನನ್ನು ಕರೆಯೋಕೆ ಬಂದಿದ್ದೀನಿ."

ಈ ಸಲ ಕರ್ಮುಗಿಲ ನಗಲಿಲ್ಲ. ತನ್ನ ಸೀಳುನಾಯಿಯನ್ನು ಬಿಟ್ಟ. ಅದರ ಒಂದೊಂದು ಕೂದಲಿನ ತುದಿಯಲ್ಲೂ ಕಿಡಿ. ಅದು ಬಂಡಿಯ ಪಕ್ಕದಲ್ಲೇ ಓಡುತ್ತಾ ಬೂಚಯ್ಯನ ದನಿಯಲ್ಲಿ ಕರೆಯಿತು.

"ಜಕ್ಕೀ, ನಾನು ಕಣವ್ವಾ. ಒಳಗಿನಿಂದ ಗೋಡೆಗೆ ಅಂಗೈ ಒತ್ತು, ಹೊರಗಿನಿಂದ ನಾನು ಒತ್ತುತ್ತೀನಿ. ನಿನ್ನ ಕೈಬಿಸಿ ತಾಗಿ ಎಷ್ಟು ದಿನವಾಯ್ತೋ."

ಆ ದನಿ ಕೇಳದೆ ಎಷ್ಟು ವರ್ಷವಾಗಿತ್ತು! ಜಕ್ಕಲೆಯ ಕೈ ತಾನಾಗಿ ಮೇಲೆದ್ದಿತು. ಗೋಡೆಗೆ ಇನ್ನೇನು ತಾಗಬೇಕು, ಅಷ್ಟರಲ್ಲಿ ಅವಳು ಕೇಳಿದಳು: "ಅಪ್ಪಾ, ನನ್ನ ಪಾದದ ಅಳತೆ ಎಷ್ಟು, ಹೇಳು."

ಸೀಳುನಾಯಿ ಬಾಗಿಲ ಸಂದಿಗೆ ಒಂದು ಕಣ್ಣಿಟ್ಟು ಅವಳ ಪಾದ ನೋಡಿತು. "ಒಂದು ಗೇಣು, ಮೇಲೆ ಎರಡು ಬೆರಳು."

ಜಕ್ಕಲೆ ಕೈಯನ್ನು ಮಡಿಲಿಗೆ ಎಳೆದುಕೊಂಡಳು. "ನಮ್ಮಪ್ಪನಿಗೆ ಗೊತ್ತಿರೋದು ಇಷ್ಟು ದೊಡ್ಡ ಪಾದ ಅಲ್ಲ," ಎಂದು ಅತ್ತಳು.

ಸೀಳುನಾಯಿ ಸಿಟ್ಟಿನಿಂದ ಬಂಡಿಯ ಮೈ ನೆಕ್ಕಿತು. ಅದರ ಕಿಡಿಗಳೆಲ್ಲ ತಾಮ್ರಕ್ಕೆ ಹತ್ತಿ ಸರಪಳಿಯಲ್ಲಿ ನೆಲಕ್ಕಿಳಿದವು. ಅದು ಬರೀ ನಾಯಿಯಾಗಿ, ಬಾಲ ಮುದುರಿಕೊಂಡು ಬಂಡಿಯ ಹಿಂದೆ ನಡೆಯಿತು.

ಆದರೆ ಬಾಗಿಲಿಗೆ ಸಂದು ಎಲ್ಲಿಂದ ಬಂತು? ಜಕ್ಕಲೆಯೇ ಬಿಟ್ಟಿದ್ದಳು. ಬೇಕೆಂದು ಬಿಟ್ಟದ್ದಲ್ಲ. ಹುಟ್ಟಿ ಬುದ್ಧಿ ಬಂದಂದಿನಿಂದ ಅವಳ ಕೈ ಯಾವ ಬಾಗಿಲನ್ನೂ ಪೂರ್ತಿ ಮುಚ್ಚಿರಲಿಲ್ಲ. ಬಾಚಜ್ಜಿಯ ಎದುರು ಹೂಂಗುಟ್ಟಿದ್ದಳು. ಕೈ ಮಾತ್ರ ತನ್ನ ರೂಢಿಯಂತೆಯೇ ನಡೆದಿತ್ತು.

ಬೋಳುಗುಡ್ಡದ ಬುಡದಲ್ಲಿ ಬಂಡಿಗಳು ಸಾಲಾಗಿ ನಿಂತಿದ್ದವು, ಧೂಳು ಹೊದ್ದುಕೊಂಡು. ಜಕ್ಕಲೆ ಸಂದಿನಲ್ಲಿ ನೋಡುತ್ತಾ ಹೋದಳು. ಕಡೆಯ ಬಂಡಿಯಲ್ಲಿ ಬೂಚಯ್ಯ ಕೂತಿದ್ದ. ಕತ್ತು ಒಂದು ಕಡೆ ವಾಲಿತ್ತು. ಮಡಿಲಲ್ಲಿ ಒಂದು ಗಂಟು. ಮೀಸೆಯಲ್ಲಿ ಒಂದು ಬಿಳಿಗೂದಲೂ ಇರಲಿಲ್ಲ.

"ಅಪ್ಪಾ," ಎಂದಳು.

ಆಗ ಮೂಕಮಿಂಚು ಬೀಸತೊಡಗಿತು. ಬೆಳಕಿಲ್ಲ, ಸದ್ದಿಲ್ಲ. ನಾಯಿ ಕುಂಯ್‌ಗುಟ್ಟಿತು. ಸಂದಿನಿಂದ ತಣ್ಣನೆಯದೇನೋ ಒಳಗೆ ತೂರಿತು. ಬಂಡಿಯ ಕಲ್ಲು ಮಂಕಾಯಿತು, ಜಕ್ಕಲೆಯ ರೆಪ್ಪೆ ಭಾರವಾಯಿತು. ಅವಳಿಗೆ ಬಾಚಜ್ಜಿಯ ಮಾತು ನೆನಪಾಯಿತು. ಬಾಗಿಲು ಮುಚ್ಚಬೇಕು.

ಮುಚ್ಚಿದರೆ ಅಪ್ಪ ಕಾಣುವುದಿಲ್ಲ. ಚಿಲಕ ಬಿದ್ದರೆ ದಾರಿ ಮರೆತುಹೋಗುತ್ತದೆ. ಅವ್ವ ಚಳಿಯಲ್ಲೂ ಮುಚ್ಚದ ಬಾಗಿಲು! ಇಷ್ಟು ವರ್ಷ ಕಾದು, ಇಷ್ಟು ದೂರ ಬಂದು, ಕಣ್ಣೆದುರಿಗೆ ಸಿಕ್ಕ ಮೇಲೆ, ತಾನೇ ಕೈಯಾರ ಬಾಗಿಲು ಹಾಕುವುದು ಹೇಗೆ?

"ಯಾರದು ನನ್ನ ಬಯಲಲ್ಲಿ?" ಕರ್ಮುಗಿಲನ ದನಿ ಹತ್ತಿರದಲ್ಲೇ ಕೇಳಿತು.

ಜಕ್ಕಲೆ ಅಪ್ಪನನ್ನು ಒಮ್ಮೆ ಕಣ್ತುಂಬ ನೋಡಿದಳು. ಸೆರಗನ್ನು ಕೈಗೆ ಸುತ್ತಿಕೊಂಡು ಬಾಗಿಲು ಎಳೆದಳು. ಚಿಲಕ ಹಾಕಿದಳು. ಒಳಗೆಲ್ಲ ಕತ್ತಲೆ. "ಬೂಚಯ್ಯನ ಮಗಳು," ಎಂದು ಆ ಕತ್ತಲೆಗೆ ಹೇಳಿದಳು. "ಅಪ್ಪನನ್ನು ಕರೆಯೋಕೆ ಬಂದಿದ್ದೀನಿ." ಅದು ಹೊರಗೆ ಯಾರಿಗೂ ಕೇಳಿಸಲಿಲ್ಲ.

ಮೂಕಮಿಂಚು ಬಂಡಿಯನ್ನು ಸುತ್ತಿತು. ಬೆಸುಗೆ ಬೆಸುಗೆಯಲ್ಲೂ ಹುಡುಕಿತು. ಇರುವೆ ತೂರುವಷ್ಟು ಸಂದೂ ಸಿಗಲಿಲ್ಲ. ಒಂದು ಕಲ್ಲನ್ನಾದರೂ ಆರಿಸದೆ ಅದು ತಣಿಯುವಂತಿಲ್ಲ. ಸುತ್ತಲಿನ ಬಂಡಿಗಳ ಕಲ್ಲುಗಳು ಆಗಲೇ ಆರಿದ್ದವು. ಬಯಲಿನಲ್ಲಿ ಬೆಳಗುತ್ತಿದ್ದ ಇನ್ನೊಂದೇ ಕಲ್ಲು ಗುಡ್ಡದ ಮೇಲಿತ್ತು. ಮೂಕಮಿಂಚು ಅತ್ತ ತಿರುಗಿತು. ಕರ್ಮುಗಿಲನ ಎದೆಯ ಕಲ್ಲು ಆರಿತು. ಅವನು ಮಳೆ ಸುರಿದು ಮುಗಿದ ಮೋಡದಂತೆ ಕರಗಿಹೋದ. ಅವನು ಕುಡಿದ ಬೆಳಕೆಲ್ಲ ಗುಡ್ಡದಿಂದ ಇಳಿದು ತನ್ನ ತನ್ನ ಬಂಡಿ ಸೇರಿತು.

ಜಕ್ಕಲೆ ಚಿಲಕ ತೆಗೆದಳು. ಎದುರಿಗೆ ಬೂಚಯ್ಯ ಆಕಳಿಸುತ್ತಾ ಮೀಸೆಯ ಧೂಳು ಕೊಡವುತ್ತಿದ್ದ.

"ಯಾರು ತಾಯಿ ನೀವು? ಸ್ವಲ್ಪ ಬಂಡಿ ಪಕ್ಕಕ್ಕೆ ತೆಗೀರಿ," ಎಂದ. "ಕಣ್ಣು ಹತ್ತಿಬಿಟ್ಟಿತ್ತು. ಮನೆಯಲ್ಲಿ ಮಗು ಕಾಯ್ತಿರುತ್ತೆ."

ಜಕ್ಕಲೆ ಬಂಡಿಯಿಂದ ಇಳಿದು ಅವನ ಮಡಿಲು ನೋಡಿದಳು. "ಗಂಟಿನಲ್ಲಿ ಏನಿದೆ?" ಎಂದು ಕೇಳಿದಳು.

ಅವನು ಹೆಮ್ಮೆಯಿಂದ ಬಿಚ್ಚಿ ತೋರಿಸಿದ. ಪುಟ್ಟ ಕೆಂಪು ಚಪ್ಪಲಿ. ಸೊಂಟದ ಕಡ್ಡಿ ತೆಗೆದು ಅದರ ಮೇಲಿಟ್ಟ. ಕೂದಲೆಳೆಯಷ್ಟೂ ಹೆಚ್ಚುಕಮ್ಮಿ ಇಲ್ಲ.

"ಕುಣಿಯಬೇಡ ಕಣೇ, ಅಳತೆ ತಪ್ಪುತ್ತೆ ಅಂದಿದ್ದೆ," ಎಂದಳು ಜಕ್ಕಲೆ. "ತಪ್ಪಿಲ್ಲಪ್ಪಾ."

ಬೂಚಯ್ಯ ಅವಳ ಮುಖ ನೋಡಿದ. ಪಾದ ನೋಡಿದ. ಮತ್ತೆ ಮುಖ ನೋಡಿದ. ಕಡ್ಡಿಯನ್ನು ಅವಳ ಪಾದದ ಪಕ್ಕಕ್ಕೆ ಹಿಡಿದ.

"ಬರೋದು ಬಹಳ ತಡವಾಯ್ತೇನೇ?"

"ಸ್ವಲ್ಪ ತಡವಾಯ್ತು."

ಬಂಡಿಗಳೆಲ್ಲ ಸಾಲಾಗಿ ಹೊಂಬಯಲಿಗೆ ಮರಳಿದವು. ಅರಸ ಎದುರುಗೊಂಡು ತನ್ನ ಹಳೆಯ ಪ್ರಶ್ನೆಯನ್ನೇ ಕೇಳಿದ: "ಬಂಡಿಯನ್ನು ಕಾಯಲಾದೀತೆ ತಾಯಿ?"

"ಆದೀತು ಒಡೆಯಾ," ಎಂದಳು ಜಕ್ಕಲೆ. "ಮೈತುಂಬ ತಾಮ್ರ ಇರಬೇಕು, ನೆಲಕ್ಕೊಂದು ಸರಪಳಿ ಬೇಕು, ಬಾಗಿಲು ಪೂರ್ತಿ ಮುಚ್ಚಬೇಕು. ಮುಚ್ಚೋದೇ ಕಷ್ಟ."

ಮನೆಯಲ್ಲಿ ಚಂದವ್ವೆ ಹಂಡೆಗೆ ನೀರು ತುಂಬಿ ಕಾಯಿಸಿಟ್ಟಿದ್ದಳು. ಬೂಚಯ್ಯ ಹೊಸ್ತಿಲ ಮೇಲೆ ನಿಂತು ಹೆಂಡತಿಯ ನೆರೆತ ಕೂದಲನ್ನು ನೋಡಿದ. "ಮೊದಲು ಮೈ ತೊಳೆದುಕೋ, ಆಮೇಲೆ ಅಳುವಿಯಂತೆ," ಎಂದಳು ಅವಳು.

ಕೆಂಪು ಚಪ್ಪಲಿ ಯಾರ ಕಾಲಿಗೂ ಆಗಲಿಲ್ಲ. ಅದನ್ನು ಬಾಗಿಲ ಹಿಂದಿನ ಮೊಳೆಗೆ ತೂಗುಹಾಕಿದರು. ಆ ಸಂಜೆ ಹೊಂಬಯಲಿನ ಬೀದಿಬೀದಿಯಲ್ಲೂ, ಒಂದೊಂದೇ ಮನೆಯಲ್ಲಿ, ಚಿಲಕ ಬೀಳುವ ಸದ್ದು ಕೇಳಿಸಿತು. ಕಡೆಯದಾಗಿ ಚಂದವ್ವೆ ತನ್ನ ಬಾಗಿಲು ಹಾಕಿದಳು. ಒಳಗೆ ಎಲ್ಲರೂ ಇದ್ದರು. ನಾಯಿಯೂ ಇತ್ತು. ಆಮೇಲೆ ಆ ಮನೆಯೊಳಗೆ ಗಾಳಿ ಬರಲಿಲ್ಲ, ಧೂಳು ಬರಲಿಲ್ಲ. ಅವರೆಲ್ಲ ಬೆಚ್ಚಗೆ ಬಾಳಿದರು.