ಹಿಂದಿನ ಚಕ್ರದ ದಾರ

"ಹ್ಯಾಂಡ್ ಬ್ರೇಕ್ ಇಳಿಸಬೇಡ ಮಗಾ. ಎಡಗಡೆ ಹಿಂದಿನ ಚಕ್ರ ಬಿಚ್ಚಬೇಡ," ಎಂದಿದ್ದಳು ರೂಸಾ ಅಜ್ಜಿ.

ಹಾಗಾದರೆ ಕಾರನ್ನು ಗೋಡೆಗೆ ತೂಗುಹಾಕಲೇ ಎಂದು ಕೇಳಿದ್ದ ಲ್ಯುಬೆನ್. ಪ್ಲೊವ್ದಿವ್ ನಗರದಲ್ಲಿ ರಸಾಯನಶಾಸ್ತ್ರದ ಮೇಷ್ಟ್ರಾಗಿದ್ದವನು, ರೊದೋಪಿ ಬೆಟ್ಟದ ಈ ಹಳ್ಳಿಗೆ ಹೊಸಬ. ಅಜ್ಜಿಯ ಅಳಿಯ ಅವನಿಗೆ ಮಾರಿದ ಹಳೆಯ ಕಾರು ಇನ್ನೂ ಅವಳ ಕೊಟ್ಟಿಗೆಯಲ್ಲೇ ಇತ್ತು. ಮನೆಗೆ ಬಂದು ತುಟಿ ಒಳಕ್ಕೆಳೆದು, ಬೊಚ್ಚುಬಾಯಿ ಮಾಡಿ ಅವನು ಅಜ್ಜಿಯ ದನಿ ತೆಗೆದಾಗ ಹೆಂಡತಿ ನೆವೆನಾ ನಗುತ್ತ ನಗುತ್ತ ಕುಡಿಯುತ್ತಿದ್ದ ರಾಕಿಯಾ ಸಾರಾಯಿಯನ್ನು ಮೂಗಿಗೇರಿಸಿಕೊಂಡಳು.

ಮರುದಿನ ರಿಪೇರಿಗೆ ಕೂತ. ಹ್ಯಾಂಡ್ ಬ್ರೇಕಿನ ಬಲಗಡೆಯ ಕೇಬಲ್ ಎಂದೋ ಕಡಿದಿತ್ತು. ಆ ಚಕ್ರದ ಬ್ರೇಕ್ ಡ್ರಮ್ ಸಲೀಸಾಗಿ ಕಳಚಿತು. ಕಳಚಿದ್ದೇ ತಡ, ಸ್ಪ್ರಿಂಗುಗಳು ಹುಲ್ಲಿಗೆ ಹಾರಿದವು. ಯಾವುದು ಎಲ್ಲಿ ಕೂರುತ್ತದೆಂದು ನೋಡಿಟ್ಟುಕೊಂಡಿರಲಿಲ್ಲ. ಮಾದರಿಗೆ ಉಳಿದದ್ದು ಎಡಗಡೆಯದೊಂದೇ. ಅದೋ ಕಚ್ಚಿ ಕೂತಿತ್ತು. ಹ್ಯಾಂಡ್ ಬ್ರೇಕ್ ಇಳಿಸಿದ.

ಡ್ರಮ್ ಸರಿದಾಗ ಒಳಗಿಂದ ಸುಟ್ಟ ಕೂದಲಿನ ಕಮಟು ಹೊಡೆಯಿತು. ಕಪ್ಪು ಹುಡಿಯ ನಡುವೆ, ಡ್ರಮ್ಮಿಗೆ ಒತ್ತಿ ಚಕ್ರ ಹಿಡಿಯುವ ಎರಡೂ ಬ್ರೇಕ್ ಶೂಗಳನ್ನು ಬಿಗಿದು ಒಂದು ಕೆಂಪು-ಬಿಳಿ ದಾರ, ಮಾರ್ಚ್‌ನಲ್ಲಿ ಊರೆಲ್ಲ ಮಣಿಕಟ್ಟಿಗೆ ಕಟ್ಟಿಕೊಂಡು ಮೊದಲ ಕೊಕ್ಕರೆ ಕಂಡಾಗ ಬಿಚ್ಚುವಂಥದು. ಮೈತುಂಬ ಗಂಟು.

ಅಜ್ಜಿ ಬರಿಗಾಲಲ್ಲಿ ಓಡಿಬಂದಳು.

"ನನ್ನ ಗಂಡ ಎದ್ದು ಬೂಟು ಹಾಕ್ಕೊಳ್ತಿದ್ದಾನೆ."

ವರ್ಷಗಟ್ಟಲೆ ಕೊರಡಿನಂತೆ ಬಿದ್ದಿದ್ದವನು. ಒಳ್ಳೆಯದೇ ಆಯಿತಲ್ಲ ಎಂದ ಲ್ಯುಬೆನ್.

"ಆ ಇನ್ನೊಬ್ಬಳ ಹತ್ರ ಹೋಗೋಕೆ ಕಣೋ. ಅದಕ್ಕೇ ಅವನ ಕೈಯ ದಾರ ಬಿಚ್ಚಿ ಕಟ್ಟಿದ್ದೆ. ಬ್ರೇಕ್ ಹಿಡಿದಷ್ಟು ಹೊತ್ತು ಅವನೂ ನಿಂತಲ್ಲೇ. ಸಾಯಲ್ಲ, ಬದುಕಲ್ಲ."

ಅಷ್ಟರಲ್ಲಿ ಓಣಿಯಲ್ಲಿ ಬೂಟಿನ ಸದ್ದು ದೂರವಾಯಿತು. ಅಜ್ಜಿ ಅದರ ಹಿಂದೆ ಓಡಿದಳು. ಎಚ್ಚರಿಸುವವರು ಆ ಕೊಟ್ಟಿಗೆಯಲ್ಲಿ ಯಾರೂ ಉಳಿಯಲಿಲ್ಲ.

ಎರಡೂ ಕಡೆ ಸಮನಾಗಿ ಹಿಡಿಯದಿದ್ದರೆ ಕಾರು ಪಕ್ಕಕ್ಕೆಳೆಯುತ್ತದೆ, ಒಂದು ಕಡೆ ಗಂಡನಿದ್ದರೆ ಇನ್ನೊಂದು ಕಡೆ ಹೆಂಡತಿ ಬೇಡವೇ ಎಂದು ಲ್ಯುಬೆನ್ ಕೆಲಸ ನೋಡಲು ಬಂದ ಹೆಂಡತಿಯನ್ನು ಕೇಳಿದ. ನೆವೆನಾ ಕಿಸಕ್ಕನೆ ನಕ್ಕು, ಕೊಕ್ಕರೆ ಕಾಣುವ ಮೊದಲೇ ತನ್ನ ಕೈಯ ದಾರ ಬಿಚ್ಚಿದಳು. ಬಲಗಡೆ ಹೊಸ ಕೇಬಲ್ ಕೂತಿತು. ಶೂಗಳಿಗೆ ದಾರ ಸುತ್ತಿ ಗಂಟನ್ನು ಅವಳೇ ಹಾಕಿದಳು.

ಇಬ್ಬರೂ ಕಾರು ಹತ್ತಿ ಹೊರಟರು. ಇಳಿಜಾರಿನ ಮೊದಲ ತಿರುವು. ಬ್ರೇಕ್ ಒತ್ತಿದ. ಕಾರು ಕೂದಲೆಳೆಯಷ್ಟೂ ಪಕ್ಕಕ್ಕೆ ಸರಿಯದೆ ನಿಂತಿತು.

"ನೋಡಿದ್ಯಾ?" ಎಂದ.

ನೆವೆನಾ ಅಜ್ಜಿಯ ಅಣಕ ಮಾಡುತ್ತಿದ್ದಳು. ತುಟಿ ಒಳಕ್ಕೆಳೆದಿತ್ತು. ಹಾಗೇ ಇತ್ತು. ಸಾಕು ಮಾಡೇ ಎಂದು ನಕ್ಕು ಅವನು ಕಾಲು ತೆಗೆದ. ನೀರಿನಿಂದ ಎದ್ದವಳಂತೆ ಅವಳು ಉಸಿರೆಳೆದಳು.

"ಎಲ್ಲಾ ಕೇಳಿಸ್ತಿತ್ತು ಕಣೋ. ರೆಪ್ಪೆ ಆಡ್ಸೋಕಾಗ್ಲಿಲ್ಲ. ಬ್ರೇಕ್ ಮುಟ್ಬೇಡ."

ಕಾರು ಉರುಳಿತು. ಗೇರ್ ಇಳಿಸಿದ. ಗೇರು ಕಿರ್ರೆಂದು ಜಾರಿತು. ಎದುರಿಗೆ ತಿರುವು. ತಿರುವಿನಾಚೆ ಬರೀ ಗಾಳಿ. ನೆವೆನಾ ಅವನ ಕಾಲನ್ನೇ ನೋಡುತ್ತಿದ್ದಳು. ಅವನು ಒತ್ತಿದ.

ಮುಂದಿನ ಚಕ್ರವೊಂದು ಅಂಚಿನಾಚೆ ತೂಗಿತು. ಹ್ಯಾಂಡ್ ಬ್ರೇಕ್ ಎಳೆದ. ಮರದ ತುಂಡಿನಂತೆ ಬಿಗಿದಿದ್ದವಳನ್ನು ಎಳೆದು ತಂದು ಮೈಲಿಗಲ್ಲಿಗೆ ಒರಗಿಸಿದ. ಕಣ್ಣು ಮಾತ್ರ ಜೀವಂತ. ದಾರ ಕತ್ತರಿಸಲು ಚಕ್ರ ಬಿಚ್ಚಬೇಕು. ಸ್ಪ್ಯಾನರು ಕೊಟ್ಟಿಗೆಯಲ್ಲಿ. ಕಿಟಕಿಯಿಂದ ಬಗ್ಗಿ ಹ್ಯಾಂಡ್ ಬ್ರೇಕ್ ಇಳಿಸಿಬಿಟ್ಟ.

ಕಾರು ಹೋಯಿತು. ನೆವೆನಾ ಕಿರುಚಿದಳು. ಆ ಕಿರುಚು ಎಷ್ಟು ಇಂಪಾಗಿತ್ತು ಅವನಿಗೆ! ಕೆಳಗೆ ತಗಡು ಬಂಡೆಗೆ ಅಪ್ಪಳಿಸಿತು. ಕಿರುಚು ತುಂಡಾಯಿತು.

ಅವನು ಮುಳ್ಳಿನಲ್ಲಿ ಜಾರುತ್ತ ಕೊರಕಲಿಗಿಳಿದ. ಹಿಮ ಕರಗಿದ ನೀರು ಭೋರ್ಗರೆಯುತ್ತಿತ್ತು. ಎಡ ಚಕ್ರ ಗಾಳಿಯಲ್ಲಿ ಆರಾಮಾಗಿ ತಿರುಗುತ್ತಿತ್ತು. ಬಲಗಡೆಯದು ಎರಡು ಬಂಡೆಗಳ ನಡುವೆ ಜಜ್ಜಿ, ಡ್ರಮ್ ಶೂಗಳ ಮೇಲೆ ಕುಸಿದಿತ್ತು. ಕೊಂಬೆಯೊಂದನ್ನು ತೂರಿಸಿ ಮೀಟಿದ. ಬೆರಳಷ್ಟು ಸಡಿಲಿತು. ಮೇಲೆ ನೆವೆನಾಳ ದನಿ ಎದ್ದಿತು.

ಅಂಗೈ ಸುಲಿಯಿತು. ಕೊಂಬೆ ಜಾರಿತು. ಮೌನ.

ಮತ್ತೆ ಮೀಟಿದ. ಕಿರುಚು ನಿಂತಲ್ಲಿಂದಲೇ ಮುಂದುವರಿಯಿತು.