ಸಾಲಿನ ಕೊನೆಯ ಎಂಟರ್

ಬೆಳಗಿನಿಂದ ಮೇಷ್ಟ್ರಿಗೆ ಕೂತಲ್ಲಿ ಕೂರಲಾಗುತ್ತಿಲ್ಲ, ನಿಂತಲ್ಲಿ ನಿಲ್ಲಲಾಗುತ್ತಿಲ್ಲ. ಅವನು ಕಚೇರಿಯವರಿಗೆ ಕಂಪ್ಯೂಟರ್ ಕಲಿಸಲು ಬಂದವನು. ನಾಳೆ ಪರೀಕ್ಷೆ ಇರುವುದು ಟೈಪಿಸ್ಟಮ್ಮನಿಗೆ. ಎದೆ ಹೊಡೆದುಕೊಳ್ಳುತ್ತಿರುವುದು ಮಾತ್ರ ಇವನದು!

ಹೊಡೆದುಕೊಳ್ಳದೆ ಏನು ಮಾಡೀತು? ಅವಳು ಪಾಸಾದರೆ ಪಾಠ ಇವತ್ತಿಗೇ ಮುಗಿಯಿತು. ಫೇಲಾದರೆ ಅವಳನ್ನು ದೂರದ ಶಾಖೆಗೆ ಎತ್ತಿಹಾಕುತ್ತಾರೆ. ಅತ್ತ ದರಿ, ಇತ್ತ ಪುಲಿ. ಮದುವೆ ಮಾತು ಬಂದಾಗಲೆಲ್ಲ ಚಪ್ಪಲಿ ಮೆಟ್ಟಿಕೊಂಡು ಹೊರಗೆ ಹೋಗುತ್ತಲೇ ಮೂವತ್ತೆಂಟು ತುಂಬಿಸಿಕೊಂಡ ಗಂಡಸಿಗೆ, ಈಗ ಸಂಜೆ ನಾಲ್ಕಾಗುವುದೇ ಒಂದು ಯುಗ.

“ಹತ್ತು ದಿನದ ಪಾಠ ಅಂದಿದ್ದೆ, ನಲವತ್ತು ದಿನ ಆಯ್ತಲ್ಲೋ! ಅವಳ ತಲೆಗೆ ಹತ್ತುತ್ತಿಲ್ವೋ, ನಿನಗೆ ಬಿಡೋಕೆ ಆಗ್ತಿಲ್ವೋ?” ಎಂದು ಬೆಳಿಗ್ಗೆ ಅಕ್ಕ ಕೇಳಿದ್ದಳು. ಇವನು ಮೂರನೆಯ ಸಲ ತಲೆ ಬಾಚುತ್ತಿದ್ದ.

ಟೈಪಿಸ್ಟಮ್ಮನ ತೊಂದರೆ ಒಂದೇ. ಹದಿನಾರು ವರ್ಷ ಟೈಪ್‌ರೈಟರ್ ಕುಟ್ಟಿದ ಕೈ. ಅದರಲ್ಲಿ ಸಾಲು ಮುಗಿದಾಗ ಗಂಟೆ ಹೊಡೆಯುತ್ತಿತ್ತು, ಕಾಗದದ ಉರುಳೆಯನ್ನು ಕೈಯಿಂದ ದೂಡಿ ಹೊಸ ಸಾಲಿಗೆ ಹೋಗಬೇಕಿತ್ತು. ಆ ಅಭ್ಯಾಸಕ್ಕೆ ಈಗಲೂ ಪ್ರತಿ ಸಾಲಿನ ಕೊನೆಗೆ ಕಿರುಬೆರಳು ಎಂಟರ್ ಮೇಲೆ ಬೀಳುತ್ತದೆ. ಆಮೇಲೆ ಒಂದು ಪದ ತಿದ್ದಿದರೂ ಸಾಕು, ಇಡೀ ಪತ್ರ ಚೆಲ್ಲಾಪಿಲ್ಲಿ.

“ಅಲ್ಲಿ ಎಂಟರ್ ಬೇಡ ಮೇಡಂ. ಸಾಲು ತಾನಾಗೇ ಕೆಳಗಿಳಿಯುತ್ತೆ. ಪ್ಯಾರಾ ಮುಗಿದಾಗ ಮಾತ್ರ ಒತ್ತಿ.”

“ಅಯ್ಯೋ, ಹಾಳು ಕೈ!” ಎಂದು ಅವಳು ತನ್ನ ಬೆರಳಿಗೆ ತಾನೇ ಒಂದೇಟು ಕೊಟ್ಟು, ಓರೆಗಣ್ಣಿನಲ್ಲಿ ಅವನನ್ನು ನೋಡಿ ನಗುತ್ತಿದ್ದಳು. ಆ ನಗುವಿಗಾಗಿ ಅವನು ಅದೇ ಮಾತನ್ನು ದಿನಕ್ಕೆ ಇಪ್ಪತ್ತು ಸಲ ಹೇಳಲು ತಯಾರಿದ್ದ.

ನಾಲ್ಕಕ್ಕೆ ಅವಳು ಬಂದಳು. ಪೆನ್‌ಡ್ರೈವ್ ಮೇಜಿನ ಮೇಲಿಟ್ಟಳು. “ತಮ್ಮನ ಕಂಪ್ಯೂಟರಲ್ಲಿ ಒಂದು ಪತ್ರ ಟೈಪ್ ಮಾಡಿದ್ದೆ ಮೇಷ್ಟ್ರೇ, ಪ್ರಿಂಟ್ ತೆಗೀತೀರಾ? ನೀರು ಕುಡಿದು ಬಂದೆ.”

ಅವನು ಫೈಲ್ ತೆರೆದ. ಅಡಗಿದ ಗುರುತು ತೋರಿಸುವ ಬಟನ್ ಒತ್ತುವುದು ಅವನ ಚಾಳಿ. ಎಲ್ಲೆಲ್ಲಿ ಎಂಟರ್ ಬಿದ್ದಿದೆಯೋ ಅಲ್ಲಲ್ಲಿ ಒಂದೊಂದು ಗುರುತು ಮೂಡುತ್ತದೆ. ಪತ್ರದಲ್ಲಿ ಶೀರ್ಷಿಕೆಗೊಂದು, ನಾಲ್ಕು ಪ್ಯಾರಾಕ್ಕೆ ನಾಲ್ಕು, ಅಷ್ಟೇ ಗುರುತು. ಶೀರ್ಷಿಕೆ ಸ್ಪೇಸ್ ಒತ್ತಿ ದೂಡಿದ್ದಲ್ಲ, ಸರಿಯಾಗಿ ನಡುವಿಗೆ ತಂದದ್ದು. ಪೆನ್‌ಡ್ರೈವ್‌ನಲ್ಲಿದ್ದ ಇನ್ನೊಂದು ಫೈಲೂ ಹಾಗೆಯೇ. ಅದರ ತಾರೀಖು ನೋಡಿದ. ಒಂದು ತಿಂಗಳ ಹಿಂದಿನದು!

ಮುಖಕ್ಕೆ ಬಿಸಿ ಏರಿತು. ಹಾಗಾದರೆ ಇಷ್ಟು ದಿನ ತನ್ನನ್ನು ಮಂಗ ಮಾಡಿದಳೇ? ಮನೆಗೆ ಹೋಗಿ ತಮ್ಮನ ಜೊತೆ ಕೂತು ನಕ್ಕಿರಬೇಕು. ಎದ್ದು ಹೋಗಿಬಿಡೋಣ ಅನ್ನಿಸಿತು, ಆದರೂ ಪ್ರಿಂಟ್ ಒತ್ತಿ ಅಲ್ಲೇ ಕೂತ.

ಅವಳು ಬಂದು ಕೂತು ಕೀಲಿಮಣೆ ಎಳೆದುಕೊಂಡಳು. ಹೊಸ ಪುಟದಲ್ಲಿ ಒಂದು ಸಾಲು ಟೈಪ್ ಮಾಡಿದಳು. ಕಿರುಬೆರಳು ಎಂಟರ್ ಮೇಲೆ ಬಿತ್ತು. ಎರಡನೆಯ ಸಾಲು, ಮತ್ತೆ ಎಂಟರ್.

“ಯಾಕೆ ಮೇಷ್ಟ್ರೇ, ಇವತ್ತು ಬೇಡ ಅನ್ನಲ್ವಾ?”

“ಮನೇಲಿ ಬೀಳದ ಎಂಟರ್ ಇಲ್ಲಿ ಯಾಕೆ ಬೀಳುತ್ತೆ ಮೇಡಂ?” ಅವನ ದನಿ ಒರಟಾಯಿತು. “ನನ್ನ ನೋಡಿದ್ರೆ ತಮಾಷೆ ಅನ್ಸುತ್ತಾ?”

ಅವಳು ಪರದೆಯ ಕಡೆ ನೋಡಿದಳು, ಪಕ್ಕದಲ್ಲಿ ಗುರುತುಗಳ ಸಮೇತ ತೆರೆದೇ ಇದ್ದ ತನ್ನ ಫೈಲ್ ನೋಡಿದಳು. ಕಿವಿಯವರೆಗೂ ಕೆಂಪಾದಳು. ಸೆರಗಿನ ಅಂಚನ್ನು ಬೆರಳಿಗೆ ಸುತ್ತಿಕೊಂಡಳು.

“ಮನೇಲಿ ಒತ್ತಿದ್ರೆ,” ಎಂದಳು, “ಪಕ್ಕಕ್ಕೆ ಬಂದು ಬೇಡ ಅನ್ನೋಕೆ ಯಾರಿದ್ದಾರೆ?”

ಅವನ ಸಿಟ್ಟು ಎತ್ತ ಹೋಯಿತೋ ದೇವರೇ ಬಲ್ಲ.

“ನಾನೂ ಒಂದು ಸುಳ್ಳು ಹೇಳಿದ್ದೀನಿ,” ಎಂದ. “ಪಾಠ ಹತ್ತೇ ದಿನದ್ದು. ಇನ್ನೂ ಕಲಿಯೋದಿದೆ, ಇನ್ನೂ ಕಲಿಯೋದಿದೆ ಅಂತ ಸಾಹೇಬರ ಹತ್ರ ನಾನೇ ಎಳೀತಾ ಬಂದೆ. ನೀವು ಬರದ ದಿನ ನನಗೆ ಊಟ ಸೇರಲ್ಲ ಮೇಡಂ.”

“ಹತ್ತು ದಿನ ಅಂತ ಗೊತ್ತು.”

“ಹೇಗೆ?”

“ಈ ಪಾಠದ ಸರ್ಕ್ಯುಲರ್ ಟೈಪ್ ಮಾಡಿದ್ದು ಯಾರು ಅಂದ್ಕೊಂಡ್ರಿ? ನನ್ನ ಮೆಷಿನ್ನಲ್ಲಿ ಹೊಡೆದ ಕೊನೇ ಕಾಗದ ಅದು.”

ಇಬ್ಬರಿಗೂ ನಗು ತಡೆಯಲಾಗಲಿಲ್ಲ. ಅವನ ಕಣ್ಣು ಒದ್ದೆಯಾಗಿತ್ತು, ಅದನ್ನು ಅವಳು ನೋಡಿಯೂ ನೋಡದಂತೆ ಪ್ರಿಂಟರಿನಿಂದ ಕಾಗದ ಎತ್ತಿಕೊಂಡಳು.

“ನಾಳೆ ಪರೀಕ್ಷೇಲಿ ಆ ಬೆರಳು ಹುಷಾರು,” ಎಂದ ಅವನು.

“ಪಾಸಾಗೋ ಚಿಂತೆ ನನಗಿರಲಿ.” ಬಾಗಿಲ ಬಳಿ ನಿಂತು ತಿರುಗಿದಳು, ಅದೇ ಓರೆಗಣ್ಣು. “ನಾಳೆ ಸಂಜೆ ನಾಲ್ಕಕ್ಕೆ ನಿಮ್ಮ ಮನೆಗೇ ಬರ್ತೀನಿ, ತಮ್ಮನ್ನ ಕರ್ಕೊಂಡು. ನಿಮ್ಮಕ್ಕನಿಗೆ ಹೇಳಿಡಿ. ಅದಕ್ಕೂ ನಲವತ್ತು ದಿನ ಮಾಡಬೇಡಿ!”